ಈ ಓಣಿ ಹ್ಯಾಂಗದ್ರಿ?



ಬೀದರಿನಲ್ಲಿ ಮನೆ ಬಾಡಿಗೆ ಹಿಡಿಯಲು ಬಂದವರು ಮೊದಲು ನೀರಿನ ಮಾತು ಕೇಳುತ್ತಾರೆ. ಆಮೇಲೆ ಸ್ವಲ್ಪ ದನಿ ತಗ್ಗಿಸಿ ಇನ್ನೊಂದು ಮಾತು ಕೇಳುತ್ತಾರೆ: "ಈ ಓಣಿ ಹ್ಯಾಂಗದ್ರಿ?" ಕೇಳುವವರು ವರ್ಗವಾಗಿ ಬಂದ ಬ್ಯಾಂಕಿನವರಿರಬಹುದು, ಮಗಳನ್ನು ಇಲ್ಲಿನ ಕಾಲೇಜಿಗೆ ಸೇರಿಸಿ ರೂಮು ಹುಡುಕುತ್ತಿರುವ ಔರಾದಿನ ರೈತರಿರಬಹುದು, ಪುಣೆಯಲ್ಲಿ ವರ್ಷಗಟ್ಟಲೆ ದುಡಿದು ಈಗ ಭಾಲ್ಕಿಯಲ್ಲಿ ಪ್ಲಾಟು ನೋಡುತ್ತಿರುವವರಿರಬಹುದು. ಮನೆ ಮಾಲೀಕರ ಉತ್ತರ ಯಾವಾಗಲೂ ಸಿದ್ಧ: "ಏನೂ ಅಂಜಿಕಿ ಇಲ್ರಿ, ನಾವ್ ಅದೀವಲ್ಲ." ಎದುರು ಮನೆಯ ಅಜ್ಜಿಯನ್ನು ಕೇಳಿದರೆ ಕಥೆ ಬೇರೆ. ಯಾರದೋ ಮನೆಯ ಕೀಲಿ ಮುರಿದದ್ದು, ಯಾರದೋ ಕೊರಳಿನ ಸರ ಹೋದದ್ದು, ಯಾರೋ ನಡುರಾತ್ರಿ ಬಾಗಿಲು ಬಡಿದದ್ದು, ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಅದರಲ್ಲಿ ಯಾವುದು ಮೊನ್ನೆಯದು, ಯಾವುದು ಆಕೆ ಮದುವೆಯಾಗಿ ಬಂದ ಕಾಲದ್ದು ಎಂದು ಬಿಡಿಸುವುದು ಕಷ್ಟ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಇಬ್ಬರ ಮಾತಿನಿಂದಲೂ ಓಣಿ ಹೇಗಿದೆಯೆಂದು ತಿಳಿಯುವುದಿಲ್ಲ. ಅಂಜಿಕೆ ಒಂದು ದಾರಿಯಲ್ಲಿ ಹೋಗುತ್ತದೆ, ಅಪರಾಧ ಇನ್ನೊಂದು ದಾರಿಯಲ್ಲಿ. ಎರಡೂ ಎದುರುಬದುರಾಗುವುದು ನಾವೆಣಿಸಿದ್ದಕ್ಕಿಂತ ಬಹಳ ಕಡಿಮೆ. ನಮ್ಮ ಜಿಲ್ಲೆಯಲ್ಲೇ ನಡೆದ ಎರಡು ಘಟನೆಗಳನ್ನು ಹಿಡಿದು ಈ ಮಾತನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಅದಕ್ಕೂ ಮೊದಲು ಸ್ವಲ್ಪ ಲೆಕ್ಕ.

ಓಣಿಯ ಸುರಕ್ಷತೆ ತಿಳಿಯಬೇಕಾದರೆ ಅಂಕಿಸಂಖ್ಯೆ ನೋಡಿ ಎನ್ನುವವರಿದ್ದಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 1986ರಲ್ಲಿ ಹುಟ್ಟಿತು. 'ಕ್ರೈಂ ಇನ್ ಇಂಡಿಯಾ' ಎಂಬ ವಾರ್ಷಿಕ ವರದಿ ಅದಕ್ಕೂ ಹಳೆಯದು, 1953ರಿಂದ ಬರುತ್ತಿದೆ. ಅದರಲ್ಲಿ ಅಪರಾಧ ದರ ಎಂಬುದು ಸರಳ ಭಾಗಾಕಾರ: ವರ್ಷದಲ್ಲಿ ದಾಖಲಾದ ಪ್ರಕರಣಗಳನ್ನು ಜನಸಂಖ್ಯೆಯಿಂದ ಭಾಗಿಸಿ, ಒಂದು ಲಕ್ಷ ಜನಕ್ಕೆ ಎಷ್ಟು ಎಂದು ಹೇಳುವುದು. ದೇಶಕ್ಕೆ, ರಾಜ್ಯಕ್ಕೆ, ಬೆಂಗಳೂರಿನಂಥ ಮಹಾನಗರಕ್ಕೆ ಈ ಲೆಕ್ಕ ಒಂದು ಮಟ್ಟಿಗೆ ಸರಿ. ಊರು ಸಣ್ಣದಾದಷ್ಟೂ ಅದು ಕೈಕೊಡುತ್ತದೆ. 2022ರಲ್ಲಿ ದೇಶದ ಕೊಲೆ ದರ ಲಕ್ಷಕ್ಕೆ ಸುಮಾರು 2.1 ಇತ್ತು. ಔರಾದ್ ಪಟ್ಟಣದ ಜನಸಂಖ್ಯೆ 2011ರ ಗಣತಿಯಲ್ಲಿ ಇಪ್ಪತ್ತು ಸಾವಿರದ ಆಸುಪಾಸು. ಅಲ್ಲಿ ವರ್ಷಕ್ಕೆ ಒಂದೇ ಒಂದು ಕೊಲೆಯಾಯಿತೆನ್ನಿ, ಹೊಲದ ಬದುವಿನ ಜಗಳದಲ್ಲಿ ಅಣ್ಣ ತಮ್ಮಂದಿರು ಹೊಡೆದಾಡಿ ಒಬ್ಬ ಸತ್ತ ಎನ್ನಿ, ದರ ಲಕ್ಷಕ್ಕೆ ಐದಾಯಿತು. ದೇಶದ ಸರಾಸರಿಯ ಎರಡು ಪಟ್ಟಿಗೂ ಹೆಚ್ಚು! ಮರುವರ್ಷ ಕೊಲೆಯೇ ಆಗದಿದ್ದರೆ ದರ ಸೊನ್ನೆ. ಆ ಎರಡು ವರ್ಷಗಳ ನಡುವೆ ಔರಾದಿನ ಬೀದಿಗಳಲ್ಲಿ ಏನೂ ಬದಲಾಗಿರುವುದಿಲ್ಲ. ನಲವತ್ತು ಸಾವಿರದ ಭಾಲ್ಕಿಗೂ ಇದೇ ಮಾತು. ಇನ್ನು ಒಂದು ಓಣಿಗೆ, ಒಂದು ಕಾಲನಿಗೆ ಅಪರಾಧ ದರ ಕಟ್ಟುವುದೆಂದರೆ ಹುಡುಗಾಟವೇ ಸರಿ.

ಭಾಗಿಸುವ ಅಂಕಿಯೂ ಹಳಸಿದೆ. 2011ರಲ್ಲಿ ಬೀದರ್ ನಗರಕ್ಕೆ 2 ಲಕ್ಷ 16 ಸಾವಿರ ಜನ. 2021ರ ಗಣತಿ ನಡೆಯಲೇ ಇಲ್ಲ, ಮುಂದಿನದು 2027ಕ್ಕೆ ನಿಗದಿಯಾಗಿದೆ. ಅಷ್ಟರಲ್ಲಿ ನೌಬಾದ್ ಕಡೆ, ಚಿದ್ರಿ ಕಡೆ, ಮೈಲೂರು ಕಡೆ ಎಷ್ಟು ಲೇಔಟುಗಳು ಎದ್ದವು ಎಂಬುದನ್ನು ಊರಿನವರೆಲ್ಲ ಕಣ್ಣಾರೆ ಕಂಡಿದ್ದಾರೆ.

ಇದಕ್ಕಿಂತ ದೊಡ್ಡ ತೊಡಕು ಮೇಲಿನ ಅಂಕಿಯದು, ದಾಖಲಾದ ಪ್ರಕರಣಗಳದು. ಬಸ್‌ಸ್ಟ್ಯಾಂಡಿನಲ್ಲಿ ಜೇಬಿನಿಂದ ಮೊಬೈಲು ಹೊಡೆದರು. ಅದು ಕಳವು. ಆದರೆ ನಮ್ಮವರು ಬರೆದುಕೊಡುವುದು 'ಕಳೆದುಹೋಗಿದೆ' ಎಂದು. ಹೊಸ ಸಿಮ್ಮಿಗೆ ಒಂದು ಚೀಟಿ ಸಿಕ್ಕರೆ ಸಾಕು, ಕೋರ್ಟು ಕಚೇರಿ ಯಾರಿಗೆ ಬೇಕು? ಸೊಸೆಗೆ ಹೊಡೆದರೆ ಹಿರಿಯರು ಕೂತು ರಾಜಿ ಮಾಡಿಸುತ್ತಾರೆ. ಕೆಲವೊಮ್ಮೆ ಠಾಣೆಯವರೇ "ಬಿಡ್ರಿ, ಎನ್‌ಸಿ ಮಾಡಿ ಕಳಸ್ತೀವಿ" ಎನ್ನುತ್ತಾರೆ, ಅಂದರೆ ಎಫ್ಐಆರ್ ಇಲ್ಲದ ಬರಿ ಒಂದು ನಮೂದು. ಹೀಗೆ ಅಪರಾಧ ನಡೆದೂ ಪುಸ್ತಕಕ್ಕೆ ಏರುವುದಿಲ್ಲ. ಕೇರಳದ ಅಪರಾಧ ದರ ವರ್ಷ ವರ್ಷವೂ ದೇಶದ ಮೇಲಿನ ಸಾಲಿನಲ್ಲಿರುತ್ತದೆ. ಕೇರಳ ಕಳ್ಳಕಾಕರ ನಾಡು ಎಂದು ಯಾರೂ ಹೇಳುವುದಿಲ್ಲ. ಅಲ್ಲಿನ ಜನ ಠಾಣೆಗೆ ಹೋಗುತ್ತಾರೆ, ಠಾಣೆಯವರು ಬರೆದುಕೊಳ್ಳುತ್ತಾರೆ. ಅಪರಾಧ ಹೆಚ್ಚುವುದು ಬೇರೆ, ಅಪರಾಧದ ದಾಖಲಾತಿ ಹೆಚ್ಚುವುದು ಬೇರೆ ಎಂದು ಬ್ಯೂರೊ ತನ್ನ ವರದಿಯಲ್ಲೇ ಎಚ್ಚರಿಸುತ್ತದೆ. ಆ ಪುಟವನ್ನು ಓದುವ ಪತ್ರಕರ್ತರು ಕಡಿಮೆ. ಅಮೆರಿಕದಲ್ಲಿ 1973ರಿಂದ, ಇಂಗ್ಲೆಂಡಿನಲ್ಲಿ 1982ರಿಂದ, ಠಾಣೆಯ ಪುಸ್ತಕವನ್ನು ಬದಿಗಿಟ್ಟು ನೇರ ಮನೆಗಳಿಗೇ ಹೋಗಿ "ನಿಮ್ಮ ಮೇಲೆ ಏನಾದರೂ ಅಪರಾಧ ನಡೆಯಿತೇ, ಪೊಲೀಸರಿಗೆ ಹೇಳಿದಿರಾ" ಎಂದು ಕೇಳುವ ಸಮೀಕ್ಷೆ ನಡೆಯುತ್ತಿದೆ. ದಾಖಲೆಗೂ ನಿಜಕ್ಕೂ ಎಷ್ಟು ಅಂತರವಿದೆ ಎಂಬುದು ಅಲ್ಲಿ ಗೊತ್ತು. ಆ ಬಗೆಯ ಸಮೀಕ್ಷೆ ನಮ್ಮಲ್ಲಿ ವರ್ಷಾವರ್ಷ ನಡೆಯುವುದಿಲ್ಲ. ಹಾಗಾಗಿ ನಮ್ಮ ಕೈಯಲ್ಲಿ ಉಳಿಯುವುದು ಅರ್ಧ ಅಂಕಿ ಮತ್ತು ಅಜ್ಜಿಯ ಕಥೆ.

ಕಥೆಗೆ ಬರುತ್ತೇನೆ. ಮೊದಲನೆಯದು ನಿಮಗೆಲ್ಲ ಗೊತ್ತಿರುವುದೇ.

2025ರ ಜನವರಿ 16, ಗುರುವಾರ. ಬೀದರಿನ ಶಿವಾಜಿ ಚೌಕದ ಹತ್ತಿರ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆ. ಸಂಕ್ರಾಂತಿ ಮುಗಿದು ಎರಡು ದಿನವಾಗಿತ್ತಷ್ಟೇ. ಬೆಳಗಿನ ಹೊತ್ತು, ರಸ್ತೆ ತುಂಬ ಜನ, ಜಿಲ್ಲಾಡಳಿತದ ಕಚೇರಿ, ನ್ಯಾಯಾಲಯ ಎಲ್ಲವೂ ಕೂಗಳತೆಯಲ್ಲಿ. ಎಟಿಎಂಗಳಿಗೆ ತುಂಬಲು ಹಣದ ಪೆಟ್ಟಿಗೆ ಹೊರತಂದ ಏಜೆನ್ಸಿಯ ಸಿಬ್ಬಂದಿಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಖಾರದ ಪುಡಿ ಎರಚಿ ಗುಂಡು ಹಾರಿಸಿದರು. ಒಬ್ಬರು ಸತ್ತರು, ಇನ್ನೊಬ್ಬರು ತೀವ್ರವಾಗಿ ಗಾಯಗೊಂಡರು. ಎಂಬತ್ತು ಲಕ್ಷ ರೂಪಾಯಿಗೂ ಮೀರಿದ ಹಣವಿದ್ದ ಪೆಟ್ಟಿಗೆಯನ್ನು ಬೈಕಿನ ಮೇಲೆ ಹೇರಿಕೊಂಡು ಅವರು ಹೋದರು. ಅದೇ ಸಂಜೆ ಹೈದರಾಬಾದಿನ ಅಫ್ಜಲ್‌ಗಂಜಿನಲ್ಲಿ, ಖಾಸಗಿ ಬಸ್ಸಿನ ಕಚೇರಿಯವರು ಚೀಲ ತೆರೆದು ತೋರಿಸಿ ಎಂದಾಗ ಅಲ್ಲೂ ಗುಂಡು ಹಾರಿತು. ಮಾರನೆಯ ದಿನ ರಾಜ್ಯದ ಇನ್ನೊಂದು ತುದಿಯಲ್ಲಿ, ಉಳ್ಳಾಲದ ಕೋಟೆಕಾರಿನಲ್ಲಿ, ಸಹಕಾರಿ ಬ್ಯಾಂಕೊಂದನ್ನು ಹಾಡಹಗಲೇ ದೋಚಿದರು. ಎರಡೂ ಸೇರಿ ಟಿವಿಯವರಿಗೆ ವಾರದ ಊಟವಾಯಿತು.

ಆ ವಾರ ಬೀದರಿನ ಗಲ್ಲಿ ಗಲ್ಲಿಯಲ್ಲಿ ಒಂದೇ ಮಾತು: "ಇನ್ನ ಬೀದರ ಸೇಫ್ ಇಲ್ರಿ." ಅಂಜಿಕೆ ಸಹಜ, ಕಣ್ಣೆದುರು ಮನುಷ್ಯ ಸತ್ತಿದ್ದ. ಆದರೆ ಸ್ವಲ್ಪ ನಿಂತು ಯೋಚಿಸಿದರೆ ಆ ದರೋಡೆಗೂ ಓಣಿಯ ಸುರಕ್ಷತೆಗೂ ಸಂಬಂಧ ತೆಳು. ಅವರು ಬಂದದ್ದು ಓಣಿಗಲ್ಲ, ಹಣದ ಪೆಟ್ಟಿಗೆಗೆ. ಹಣ ಸಾಗಿಸುವ ವಾಹನದ ಜೊತೆ ಇಬ್ಬರು ಬಂದೂಕುಧಾರಿ ಕಾವಲುಗಾರರು ಇರಬೇಕೆಂದು ಕೇಂದ್ರ ಗೃಹ ಇಲಾಖೆ 2018ರಲ್ಲೇ ನಿಯಮ ಮಾಡಿತ್ತು. ಅಂದು ಅಂಥ ಕಾವಲಿರಲಿಲ್ಲ ಎಂದು ಆಗಿನ ವರದಿಗಳು ಹೇಳಿದವು. ಅಂದರೆ ಅಲ್ಲಿ ಕೇಳಬೇಕಾದದ್ದು ಗಲ್ಲಿಯಲ್ಲಿ ರಾತ್ರಿ ಗಸ್ತು ಉಂಟೇ ಎಂದಲ್ಲ, ನಿಯಮ ಇದ್ದೂ ಹಣ ಹೀಗೆ ಹೊರಬಂದದ್ದು ಹೇಗೆ ಎಂದು. ನಾವು ಮಾತ್ರ ಆ ಪ್ರಶ್ನೆ ಬಿಟ್ಟು ಮನೆಯ ಗೇಟಿಗೆ ಇನ್ನೊಂದು ಕೀಲಿ ಹಾಕಿದೆವು.

ಒಂದು ವಿಷಯ ಮರೆಯಬಾರದು. ಅಂದು ಮೊಬೈಲು ಹಿಡಿದು ವಿಡಿಯೊ ಮಾಡಿದವರಿದ್ದ ಹಾಗೆಯೇ, ಪಿಸ್ತೂಲಿದ್ದವರ ಮೇಲೆ ಬರಿಗೈಯಲ್ಲಿ ಕಲ್ಲು ಬೀರಿ ತಡೆಯಲು ನೋಡಿದವರೂ ಇದ್ದರು. ಅವರ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ.

ಎರಡನೆಯ ಘಟನೆ ಅದಕ್ಕೂ ಆರೂವರೆ ವರ್ಷ ಹಿಂದಿನದು. ಅಲ್ಲಿಯೂ ಕಲ್ಲು ಬೀರಿದರು.

2018ರ ಜುಲೈ 13, ಶುಕ್ರವಾರ. ಹೈದರಾಬಾದಿನಿಂದ ಕಾರಿನಲ್ಲಿ ಗೆಳೆಯರ ಗುಂಪೊಂದು ಆಗಿನ ಔರಾದ್ ತಾಲ್ಲೂಕಿನ ಹಂದಿಕೇರಾ ಕಡೆ ಬಂತು. ಅವರಲ್ಲೊಬ್ಬರು ಕತಾರ್ ದೇಶದವರು. ದಾರಿಯಲ್ಲಿ ನಿಂತಾಗ ಶಾಲೆಯ ಮಕ್ಕಳನ್ನು ಕಂಡು ಹೊರದೇಶದ ಚಾಕೊಲೇಟು ಹಂಚಿದರು. ಮಕ್ಕಳ ಮೇಲೆ ಪ್ರೀತಿಯಿರುವವರು ನಮ್ಮ ಕಡೆ ಈಗಲೂ ಮಾಡುವ ಕೆಲಸ. ಆದರೆ ಆ ಬೇಸಿಗೆಯಿಂದ ದೇಶದ ತುಂಬ ಮೊಬೈಲುಗಳಲ್ಲಿ ಮಕ್ಕಳ ಕಳ್ಳರ ಸುದ್ದಿ ಓಡಾಡುತ್ತಿತ್ತು. ಬೈಕಿನ ಮೇಲೆ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಒಂದನ್ನು ಲಕ್ಷಾಂತರ ಮಂದಿ ನೋಡಿದ್ದರು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ತಂದು ಬಿಟ್ಟು, ಮಕ್ಕಳ ಮೇಲೆ ಕಣ್ಣಿಡಿ ಎಂಬ ಫಲಕ ತೋರಿಸುವ ಭಾಗವನ್ನು ಯಾರೋ ಕತ್ತರಿಸಿ ಹರಿಯಬಿಟ್ಟಿದ್ದರು. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನೊಬ್ಬನನ್ನು ಇದೇ ಗುಮಾನಿಯಲ್ಲಿ ಹೊಡೆದು ಕೊಂದಿದ್ದರು.

ಹಂದಿಕೇರಾದಲ್ಲಿ ಮಾತಿಗೆ ಮಾತು ಬೆಳೆಯಿತು. ಗೆಳೆಯರು ಅಲ್ಲಿಂದ ಕಾರು ಹತ್ತಿ ಹೊರಟರು. ಅವರಿಗಿಂತ ಮುಂದೆ ಅವರ ವಿಡಿಯೊ ಹೊರಟಿತ್ತು. ವಾಟ್ಸಾಪಿನಲ್ಲಿ ಅದು ದಾರಿಯ ಮೇಲಿನ ಊರಾದ ಮುರ್ಕಿಯನ್ನು ತಲುಪಿದಾಗ ಅಲ್ಲಿನವರು ರಸ್ತೆಗೆ ಅಡ್ಡ ಹಾಕಿ ಕಾದರು. ವೇಗದಲ್ಲಿ ಬಂದ ಕಾರು ರಸ್ತೆ ಬಿಟ್ಟು ತಗ್ಗಿಗೆ ಉರುಳಿತು. ಜನ ಕಲ್ಲು, ಬಡಿಗೆ ಹಿಡಿದು ಇಳಿದರು. ಬಂದ ಪೊಲೀಸರು ಕಡಿಮೆ, ಗುಂಪು ದೊಡ್ಡದು, ಪೊಲೀಸರೂ ಗಾಯಗೊಂಡರು. ಮೂವತ್ತೆರಡು ವಯಸ್ಸಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಸತ್ತರು, ಉಳಿದವರು ಆಸ್ಪತ್ರೆ ಸೇರಿದರು. ಆಮೇಲೆ ಮೂವತ್ತರಷ್ಟು ಜನರ ಬಂಧನವಾಯಿತು, ವಾಟ್ಸಾಪ್ ಗುಂಪಿನ ಅಡ್ಮಿನ್ ಸಹಿತ. ಮುರ್ಕಿಯ ಗಂಡಸರು ಅಂದು ಹೊಲದಿಂದ ಮನೆಗೆ ಬಂದವರು, ಮಕ್ಕಳಿದ್ದವರು. ಊರ ಮಕ್ಕಳನ್ನು ಕಾಯುತ್ತಿದ್ದೇವೆ ಎಂದೇ ಅವರು ನಂಬಿದ್ದರು. ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ.

ನಾಲ್ಕು ದಿನದ ಮೇಲೆ, ಜುಲೈ 17ರಂದು, ಗುಂಪು ಹತ್ಯೆಗಳ ಬಗ್ಗೆ ಮೊದಲೇ ವಿಚಾರಣೆಯಲ್ಲಿದ್ದ ತೆಹ್ಸೀನ್ ಪೂನಾವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಪ್ರತಿ ಜಿಲ್ಲೆಯಲ್ಲೂ ಇಂಥದ್ದನ್ನು ತಡೆಯಲು ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕೆಂದಿತು. ಅದೇ ವಾರ ವಾಟ್ಸಾಪು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ದಾಟಿಸದಂತೆ ಮಿತಿ ಹಾಕುವುದಾಗಿ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103ನೆಯ ಕಲಮಿನಲ್ಲಿ, ಐದು ಅಥವಾ ಹೆಚ್ಚು ಮಂದಿ ಸೇರಿ ಜಾತಿ, ಸಮುದಾಯ, ಭಾಷೆ, ಹುಟ್ಟಿದ ಸ್ಥಳ ಮುಂತಾದ ಕಾರಣಕ್ಕೆ ಕೊಂದರೆ ಗುಂಪಿನ ಪ್ರತಿಯೊಬ್ಬರಿಗೂ ಮರಣದಂಡನೆ ಇಲ್ಲವೇ ಜೀವಾವಧಿ ಎಂದು ಬರೆಯಲಾಗಿದೆ. 'ಹುಟ್ಟಿದ ಸ್ಥಳ' ಎಂಬುದು ಆ ಸಾಲಿನಲ್ಲಿ ಸೇರಿದ್ದು ನಮ್ಮಂಥ ಗಡಿ ಜಿಲ್ಲೆಗೆ ಮುಖ್ಯ. ಬೀದರ್ ಜಿಲ್ಲೆಯಲ್ಲಿ ಪರಊರಿನವರನ್ನು ಗುಂಪು ಕೊಂದದ್ದು ಮುರ್ಕಿಯಲ್ಲೇ ಮೊದಲೂ ಅಲ್ಲ. 1988ರ ಸೆಪ್ಟೆಂಬರಿನಲ್ಲಿ ಇಲ್ಲಿ ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳನ್ನು ನಗರದಲ್ಲಿ ಬೆನ್ನಟ್ಟಿ ಕೊಂದಿದ್ದರು. ಗುರುನಾನಕ್ ಝಿರಾದ ನೀರಿಗೆ ದೇಶದೆಲ್ಲೆಡೆಯಿಂದ ಸಿಖ್ ಯಾತ್ರಿಗಳು ಬರುವ ಊರಿನಲ್ಲೇ ಅದು ನಡೆಯಿತು.

ವದಂತಿ ನಮಗೆ ಹೊಸದೇನಲ್ಲ. ತೊಂಬತ್ತರ ದಶಕದಲ್ಲಿ ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆಂಬ ಸುದ್ದಿ ಹಬ್ಬಿ, ಕರ್ನಾಟಕದ ಊರೂರುಗಳಲ್ಲಿ ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ಖರ್ಚಾದದ್ದು ಒಂದು ತುಂಡು ಸೀಮೆಸುಣ್ಣ. ಆ ಸುದ್ದಿಗೆ ಮುಖವಿರಲಿಲ್ಲ. ಮುರ್ಕಿಗೆ ಬಂದ ಸುದ್ದಿಗೆ ಮುಖವಿತ್ತು, ಕಾರಿನ ಬಣ್ಣವಿತ್ತು, ಹೊರಟ ದಿಕ್ಕೂ ಇತ್ತು.

ಈಗ ಅದೇ ಬ್ಯೂರೊದ ವರದಿಗೆ ಮರಳೋಣ. ಅರ್ಧ ಅಂಕಿ ಎಂದೆನಲ್ಲ, ಆ ಅರ್ಧದಲ್ಲೂ ಒಂದು ಸಂಗತಿ ವರ್ಷ ವರ್ಷವೂ ಅಲುಗಾಡದೆ ನಿಂತಿದೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮಗುವಿಗೆ ಗೊತ್ತಿದ್ದವರು: ಮನೆಯವರು, ನೆಂಟರು, ನೆರೆಯವರು, ಪಾಠ ಹೇಳುವವರು. ಅತ್ಯಾಚಾರದ ಪ್ರಕರಣಗಳಲ್ಲೂ ಹೆಚ್ಚುಕಡಿಮೆ ಅದೇ. ಮಹಿಳೆಯರ ಮೇಲಿನ ಅಪರಾಧಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು, 2022ರಲ್ಲಿ ಮೂರನೆಯ ಒಂದು ಭಾಗದ ಹತ್ತಿರ, ಗಂಡ ಮತ್ತು ಗಂಡನ ಮನೆಯವರ ಕ್ರೌರ್ಯದ್ದು. ಕಾರಿನಲ್ಲಿ ಬಂದು ಚಾಕೊಲೇಟು ಕೊಟ್ಟವನಿಗೆ ರಸ್ತೆಗೆ ಅಡ್ಡ ಹಾಕುವ ನಾವು, ದಿನಾ ಮನೆಗೆ ಬಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವನಿಗೆ ಚಹಾ ಕೊಡುತ್ತೇವೆ. ಮಗು "ಆ ಕಾಕಾ ಬ್ಯಾಡ" ಎಂದರೆ "ಹಂಗನಬಾರದು, ದೊಡ್ಡವರು" ಎಂದು ಗದರುತ್ತೇವೆ. 1098 ಎಂಬ ಮಕ್ಕಳ ಸಹಾಯವಾಣಿ ಇರುವುದು ಈ ಕಾಕಾನಿಗಾಗಿ. ಓಣಿ ಸುರಕ್ಷಿತವೇ ಎಂದು ಕೇಳುವವರು ಬಾಗಿಲಿನ ಹೊರಗಿನದನ್ನಷ್ಟೇ ಕೇಳುತ್ತಾರೆ. ಒಳಗಿನದು ಯಾವ ಬಾಡಿಗೆ ಮಾತುಕತೆಯಲ್ಲೂ ಬರುವುದಿಲ್ಲ.

ಹಿಂದೆ ಈ ಊರನ್ನು ಕಟ್ಟಿದವರು ಕಾವಲನ್ನು ಹೇಗೆ ಯೋಚಿಸಿದ್ದರು ಎಂಬುದಕ್ಕೆ ಹಳೆ ಬೀದರಿನಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಬಹಮನಿ ಅಹಮದ್ ಶಾ ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ ಬೆಳೆದ ಊರು ಇದು. ನಡುವೆ ಚೌಬಾರಾ, ಸುಮಾರು 71 ಅಡಿಯ ದುಂಡು ಗೋಪುರ, ನಾಲ್ಕೂ ಬೀದಿಗಳ ಮೇಲೆ ಕಣ್ಣಿಡುವ ಹಾಗೆ. ಸುತ್ತ ಗೋಡೆ, ಗೋಡೆಗೆ ಶಾಗಂಜ್, ಫತ್ತೇ, ಮಂಗಲಪೇಟ್, ದುಲ್ಹನ್ ದರವಾಜಾಗಳು. ಇದು ರಾಜನ ಕಾವಲು. ಓಣಿಯ ಕಾವಲು ಬೇರೆ ಇತ್ತು. ಸಿದ್ದಿ ತಾಲೀಮ್, ನೂರಖಾನ್ ತಾಲೀಮ್, ಮನಿಯಾರ್ ತಾಲೀಮ್, ಪನ್ಸಾಲ್ ತಾಲೀಮ್ ಎಂದು ಈಗಲೂ ಬಡಾವಣೆಗಳ ಹೆಸರಿದೆಯಲ್ಲ, ತಾಲೀಮ್ ಎಂದರೆ ಗರಡಿ. ಓಣಿಯ ಹುಡುಗರು ಸಾಮು ಮಾಡುವ, ಸಂಜೆ ಕೂಡುವ ಜಾಗ. ಯಾರ ಮಗ ಯಾರು, ಯಾರ ಮನೆಗೆ ಯಾರು ಬಂದರು ಎಂಬುದು ಅಲ್ಲಿ ತಾನಾಗಿ ತಿಳಿಯುತ್ತಿತ್ತು. ಹಳ್ಳಿಗಳಲ್ಲಿ ಪೊಲೀಸ್ ಪಾಟೀಲ, ತಳವಾರ, ವಾಲೀಕಾರ ಇದ್ದರು. ವಂಶಪರಂಪರೆಯ ಆ ಹುದ್ದೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೆಗೆದುಹಾಕಿತು. ತೆಗೆದದ್ದು ಒಳ್ಳೆಯದೇ ಆಯಿತು, ಹುಟ್ಟಿನಿಂದ ಬಂದ ಅಧಿಕಾರ ಯಾರ ಬೆನ್ನ ಮೇಲೆ ಬೀಳುತ್ತಿತ್ತೆಂದು ನಮ್ಮ ಹಳ್ಳಿಗಳ ದಲಿತ ಕೇರಿಗಳಿಗೆ ಗೊತ್ತು. ಆದರೆ ಆ ಜಾಗಕ್ಕೆ ಬಂದವರು ಎರಡು ಮೂರು ವರ್ಷಕ್ಕೆ ವರ್ಗವಾಗಿ ಹೋಗುವ ಪೇದೆಗಳು. ಊರು ಅವರನ್ನು ಗುರುತಿಸುವ ಹೊತ್ತಿಗೆ ಅವರ ಟ್ರಂಕು ಬಸ್ಸಿನ ಮೇಲಿರುತ್ತದೆ.

ನಮ್ಮ ಕಡೆಯ ಮನೆಗಳವುಗಳಿಗೆ ಒಂದು ಪಂಚಾಂಗವೇ ಇದೆ. ಬೇಸಿಗೆಯಲ್ಲಿ ಕಾವು ತಾಳಲಾರದೆ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುತ್ತಾರೆ, ಕೆಳಗೆ ಅಲಮಾರಿ ಒಂಟಿ. ಅದೇ ತಿಂಗಳುಗಳಲ್ಲಿ ಮದುವೆಗಳು, ಮನೆಯಲ್ಲಿ ಬಂಗಾರ. ದೀಪಾವಳಿ ಮುಗಿದ ಮೇಲೆ ಔರಾದ್, ಕಮಲನಗರದ ತಾಂಡಾಗಳಿಂದ ಹೈದರಾಬಾದು, ಪುಣೆ, ಮುಂಬೈಗಳಿಗೆ ಜನ ದುಡಿಯಲು ಹೊರಡುತ್ತಾರೆ, ಸಾಲು ಸಾಲು ಮನೆಗಳಿಗೆ ಕೀಲಿ. ಹೊಸ ಲೇಔಟುಗಳಲ್ಲಿ ಗಂಡಹೆಂಡತಿ ಇಬ್ಬರೂ ನೌಕರಿಗೆ ಹೋದರೆ ಹಗಲು ಹನ್ನೊಂದಕ್ಕೇ ಮನೆ ಖಾಲಿ. ಎದುರಿನ ಪ್ಲಾಟಿನಲ್ಲಿ ಜಾಲಿ ಬೆಳೆದಿರುತ್ತದೆ, ಕಂಬದಲ್ಲಿ ದೀಪವಿಲ್ಲ. ಹೀಗಿರುವಾಗ ಹಳೆ ಊರಿನ ಇಕ್ಕಟ್ಟಿನ ಗಲ್ಲಿ ಅಪಾಯ, ಹೊರಗಿನ ಕಾಲನಿ ಸೇಫ್ ಎಂದು ಹೇಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ಇಕ್ಕಟ್ಟಿನ ಗಲ್ಲಿಯಲ್ಲಿ ಬೆಕ್ಕು ದಾಟಿದರೂ ಮೂರು ಮನೆಗೆ ಗೊತ್ತಾಗುತ್ತದೆ.

ಸಿಸಿಟಿವಿ ಹಾಕಿಸಿದ್ದೇವೆ ಎನ್ನುತ್ತೀರಿ. ಹಾಕಿಸಿ. ಜನ ಸೇರುವ ಅಂಗಡಿ, ಆಸ್ಪತ್ರೆ, ಕಲ್ಯಾಣಮಂಟಪಗಳಿಗೆ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ, ಮೂವತ್ತು ದಿನದ ದೃಶ್ಯಗಳನ್ನು ಉಳಿಸಬೇಕು. ಮನೆಯ ಕ್ಯಾಮೆರಾಗಳು ಮಾತ್ರ ಸಾಮಾನ್ಯವಾಗಿ ಸ್ವಂತ ಗೇಟನ್ನೇ ನೋಡುತ್ತಿರುತ್ತವೆ, ರಸ್ತೆಯನ್ನಲ್ಲ. ಕಳ್ಳ ಹೋದ ಮೇಲೆ ಅವನ ಬೆನ್ನು ತೋರಿಸುತ್ತವೆ. ಸ್ಥಳೀಯ ಆಡಳಿತದ ಬೆನ್ನು ಹತ್ತಿ ಕಂಬಕ್ಕೊಂದು ಬಲ್ಬು ಹಾಕಿಸಿದರೆ ಅದಕ್ಕಿಂತ ಹೆಚ್ಚು ಕೆಲಸವಾಗುತ್ತದೆ, ಆದರೆ ಅದಕ್ಕೆ ಹತ್ತು ಮನೆಯವರು ಸೇರಿ ಅರ್ಜಿ ಕೊಡಬೇಕು. ಹತ್ತು ಮನೆಯವರು ಸೇರುವುದು ಗಣಪತಿ ಚಂದಾಕ್ಕೆ ಮಾತ್ರ.

ಇನ್ನು ಕೀಲಿಯನ್ನೇ ಮುಟ್ಟದೆ ಮನೆ ಖಾಲಿ ಮಾಡುವವರು. ವಿದ್ಯುತ್ ಬಿಲ್ಲು ಬಾಕಿ ಎಂದು, ಕೊರಿಯರಿನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ ಎಂದು ಫೋನು ಬರುತ್ತದೆ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಹಣ ಹೋದರೆ ಮೊದಲು ಒತ್ತಬೇಕಾದದ್ದು 1930. ತಡ ಮಾಡದೆ ಕರೆ ಹೋದರೆ ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮುನ್ನ ತಡೆಯುವ ಅವಕಾಶ ಇರುತ್ತದೆ. ನಮ್ಮವರು ಮಗ ಬೆಂಗಳೂರಿನಿಂದ ಬರಲಿ ಎಂದು ಎರಡು ದಿನ ಕಾಯುತ್ತಾರೆ, ಮರ್ಯಾದೆಗೆ ಅಂಜಿ.

ಅಂಜಿಕೆಯ ಇನ್ನೊಂದು ಕೆಲಸವನ್ನೂ ಹೇಳಬೇಕು. ಅದು ಓಣಿಗಳಿಗೆ ಹೆಸರಿಡುತ್ತದೆ. "ಆ ಕಾಲನಿಯವರೆಲ್ಲ ಹಂಗೇ" ಎಂಬ ಮಾತು ಬೀದರಿನಲ್ಲೂ ಇದೆ, ನಿಮ್ಮ ಊರಿನಲ್ಲೂ ಇದೆ. ಯಾರೋ ನಾಲ್ವರು ಸರ ಕಿತ್ತರೆಂದು ನಾನೂರು ಮನೆಗಳಿಗೆ ಆ ಹೆಸರು ಅಂಟುತ್ತದೆ. ಅಲ್ಲಿನ ಹುಡುಗ ಕೆಲಸಕ್ಕೆ ಅರ್ಜಿ ಹಾಕಿದರೆ ವಿಳಾಸ ಓದಿಯೇ ಬದಿಗಿಡುತ್ತಾರೆ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿ ಇಡೀ ಸಮುದಾಯಗಳನ್ನು ಹುಟ್ಟುಗಳ್ಳರೆಂದು ಬರೆದಿಟ್ಟರು. 1952ರಲ್ಲಿ ಅದನ್ನು ತೆಗೆದು ಆ ಸಮುದಾಯಗಳನ್ನು ವಿಮುಕ್ತ ಎಂದು ಕರೆದೆವು. ಕಾಯ್ದೆ ಹೋಯಿತು, ಕಟ್ಟೆಯ ಮೇಲಿನ ಮಾತು ಹೋಗಲಿಲ್ಲ. ಆ ಓಣಿಯ ಹೆಂಗಸಿನ ಮನೆಯಲ್ಲೇ ಕಳವಾದರೆ ಆಕೆ ಠಾಣೆಗೆ ಹೋಗಲು ಹಿಂಜರಿಯುತ್ತಾಳೆ. ಹೀಗೆ, ಹೆಸರು ಕೆಟ್ಟ ಓಣಿಯೇ ಎಲ್ಲಕ್ಕಿಂತ ಕಡಿಮೆ ರಕ್ಷಣೆಯ ಓಣಿಯೂ ಆಗುತ್ತದೆ.

ಹಾಗಾದರೆ ಮನೆ ಹುಡುಕುತ್ತ ಬಂದವರು ಏನು ಕೇಳಬೇಕು? ನನ್ನ ಸಲಹೆ, "ಓಣಿ ಹ್ಯಾಂಗದ್ರಿ" ಎನ್ನುವ ಬದಲು "ಇಲ್ಲಿಯ ಬೀಟ್ ಪೊಲೀಸರು ಯಾರು, ನೀವು ಅವರನ್ನು ಕಂಡಿದ್ದೀರಾ" ಎಂದು ಕೇಳಿ. ಕರ್ನಾಟಕದಲ್ಲಿ 2017ರಿಂದ ಉಪಬೀಟ್ ವ್ಯವಸ್ಥೆ ಇದೆ. ಒಂದೊಂದು ಬಡಾವಣೆ, ಒಂದೊಂದು ಹಳ್ಳಿಗೆ ಇಂಥ ಪೇದೆಯೇ ಹೊಣೆ ಎಂದು ಬರೆದಿರುತ್ತದೆ. 2025ರ ಜುಲೈನಲ್ಲಿ 'ಮನೆ ಮನೆಗೆ ಪೊಲೀಸ್' ಎಂದು ಅದನ್ನೇ ಬಾಗಿಲ ತನಕ ತಂದರು. ಕಾಗದದ ಮೇಲೆ ಚೆನ್ನಾಗಿದೆ. ಎಷ್ಟು ಬಾಗಿಲುಗಳಿಗೆ ಬಂದಿದೆ ಎಂಬುದನ್ನು ನೀವೇ ನೋಡಿಕೊಳ್ಳಿ. ಬರದಿದ್ದರೆ ಠಾಣೆಗೆ ಹೋಗಿ ಹೆಸರು, ನಂಬರು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಊರಿಗೆ ಹೋಗುವಾಗ ಅವರಿಗೊಂದು ಮಾತು ಹೇಳಿ ಹೋಗಿ. ಗೊತ್ತಿಲ್ಲದ ಕಾರು ಶಾಲೆಯ ಹತ್ತಿರ ನಿಂತರೆ ವಿಡಿಯೊ ಮಾಡಿ ಗುಂಪಿಗೆ ಹಾಕುವ ಬದಲು 112 ಒತ್ತಿ. ಅದಕ್ಕೂ ಮೊದಲು ಹತ್ತಿರ ಹೋಗಿ "ಯಾರ ಮನೆಗಿ ಬಂದೀರಿ?" ಎಂದು ಕೇಳಿ, ನಮ್ಮ ಹಿರಿಯರು ಕೇಳುತ್ತಿದ್ದ ಹಾಗೆ. ಆ ಪ್ರಶ್ನೆಗೆ ಕಳ್ಳ ತಡವರಿಸುತ್ತಾನೆ, ನೆಂಟ ನಗುತ್ತಾನೆ.

ಕೊನೆಗೆ ಗಡಿಯವರಿಗಾಗಿ ಒಂದು ಮಾತು, ಏಕೆಂದರೆ ನಮ್ಮಲ್ಲಿ ಎಷ್ಟೋ ದೂರುಗಳು ಸಾಯುವುದು ಗಡಿಯಲ್ಲೇ. 1956ರಲ್ಲಿ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ್, ನಿಲಂಗಾ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ್ ಆಂಧ್ರಕ್ಕೆ, ಉಳಿದದ್ದು ನಮಗೆ. ಬೀಗತನ, ಸಂತೆ, ಬಸ್ಸು ಮಾತ್ರ ಪಾಲಾಗಲಿಲ್ಲ. ಉದಗೀರಿನ ಮದುವೆ ಮುಗಿಸಿ ಭಾಲ್ಕಿಗೆ ಬರುವ ಬಸ್ಸಿನಲ್ಲಿ ಅವ್ವನ ಕೊರಳ ಸರ ಹೋಯಿತು ಎನ್ನಿ. ಕಮಲನಗರದಲ್ಲಿ ಇಳಿದು ಹೇಳಿದರೆ "ಅದು ಮಹಾರಾಷ್ಟ್ರದಾಗ ಆಗ್ಯದ, ಅಲ್ಲೇ ಹೋಗ್ರಿ" ಎನ್ನುವ ಕಾಲವಿತ್ತು. ಈಗ ಹಾಗೆನ್ನುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ಇಂಥ ಅಪರಾಧ ಎಲ್ಲಿಯೇ ನಡೆದಿರಲಿ, ನೀವು ಹೋದ ಠಾಣೆಯವರು ದೂರು ಬರೆದುಕೊಳ್ಳಬೇಕು. ಸಂಬಂಧಪಟ್ಟ ಠಾಣೆಗೆ ಕಳಿಸುವುದು ಅವರ ಕೆಲಸ, ನಿಮ್ಮದಲ್ಲ. ಒಪ್ಪದಿದ್ದರೆ ದೂರನ್ನು ಬರಹದಲ್ಲಿ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಾಗಿಲಿದೆ. ಎಫ್ಐಆರಿನ ಪ್ರತಿ ದೂರುದಾರರಿಗೆ ಪುಕ್ಕಟೆ. ಅದು ಕೈಗೆ ಬರುವ ತನಕ ಠಾಣೆಯ ಬೆಂಚಿನಿಂದ ಏಳಬೇಡಿ.